ಉತ್ತರ ಬಾರದಿದ್ದರೆ ತೃಪ್ತಿ

ನಮ್ಮ ಅಂಗಡಿಯ ಗೋಡೆಯ ಮೇಲೆ ಒಂದು ಪ್ರಶಸ್ತಿಪತ್ರವಿದೆ. ಗಾಜಿನ ಕಟ್ಟು ಹಾಕಿಸಿ, ಮೇಲೊಂದು ಸಣ್ಣ ಲೈಟು ಹಚ್ಚಿ, ಒಳಗೆ ಬಂದವರ ಕಣ್ಣಿಗೆ ಮೊದಲು ಅದೇ ಬೀಳುವ ಹಾಗೆ ಮಾಲೀಕರು ತೂಗುಹಾಕಿದ್ದಾರೆ. ಗ್ರಾಹಕರ ತೃಪ್ತಿಯಲ್ಲಿ ಈ ಭಾಗದ ಸರ್ವಿಸ್ ಸೆಂಟರುಗಳಲ್ಲೇ ಮೊದಲ ಸ್ಥಾನ ಎಂದು ಬಂಗಾರದ ಬಣ್ಣದಲ್ಲಿ ಬರೆದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ತೃಪ್ತಿಯನ್ನು ಕಂಪನಿಯವರು ಅಳೆದ ರೀತಿ ಹೀಗೆ: ದೂರು ಕೊಟ್ಟವರಿಗೆ ಈಮೇಲ್ ಹೋಗುತ್ತದೆ, ಮೂರು ಸಲ ಹೋಗುತ್ತದೆ, ಮೂರು ಸಲವೂ ಅವರು ಉತ್ತರಿಸದಿದ್ದರೆ ಅವರಿಗೆ ತೃಪ್ತಿಯಾಗಿದೆ ಎಂದು ಬರೆದುಕೊಂಡು ದೂರನ್ನು ಮುಚ್ಚಿಬಿಡುತ್ತಾರೆ. ಆ ಮೇಲ್‌ಗಳನ್ನು ಬರೆಯುತ್ತಿದ್ದವಳು ನಾನೇ.

ನಮ್ಮದು ಒಂದು ದೊಡ್ಡ ಕಂಪನಿಯ ಏಸಿ, ಗೀಸರ್ ಮಾರಿ, ಅವುಗಳ ರಿಪೇರಿಯನ್ನೂ ಮಾಡುವ ಅಂಗಡಿ. ಸೇಡಂನಲ್ಲಿದೆ. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲ ನಮ್ಮ ಲೆಕ್ಕಕ್ಕೇ ಬರುತ್ತವೆ. ನನ್ನ ಮನೆ ವಾಡಿಯಲ್ಲಿ. ಕನ್ನಡ ಎಂ.ಎ. ಮಾಡಿ, ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿ, ಕೊನೆಗೆ ಈ ಅಂಗಡಿಯ ಕಂಪ್ಯೂಟರ್ ಮುಂದೆ ಬಂದು ಕುಳಿತವಳು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಸೇಡಂ, ಸಂಜೆ ತಿರುಗಿ ವಾಡಿ. ಎಂ.ಎ. ಓದಿದವಳು ಏಸಿ ಅಂಗಡಿಯಲ್ಲಿ ಏನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ, ಪತ್ರ ಬರೆಯುತ್ತೇನೆ ಎಂದು ಗತ್ತಿನಿಂದಲೇ ಹೇಳುತ್ತಿದ್ದೆ.

ಗತ್ತಿಗೆ ಕಾರಣವೂ ಇತ್ತು. ನಾನು ಬಂದಾಗ ಕಂಪನಿಯವರು ಕಳಿಸುತ್ತಿದ್ದ ಸಿದ್ಧ ಪತ್ರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಒಂದರ ಮೇಲೆ ಹಿಮ ಬಿದ್ದ ಮನೆಯ ಚಿತ್ರ. ಚಳಿಗಾಲಕ್ಕೆ ನಿಮ್ಮ ಮನೆ ಸಿದ್ಧವಾಗಿದೆಯೇ ಎಂದು ಕೇಳುತ್ತಿತ್ತು. ವಾಡಿಯಲ್ಲಿ ಕೂತವರಿಗೆ ಹಿಮ! ಮಾಳಿಗೆಗೆ ಹೊದಿಸಿದ ಫರಸಿ ಕಲ್ಲಿನ ಚಪ್ಪಡಿ ಏಪ್ರಿಲ್‌ನಲ್ಲಿ ಕಾಯುವ ಪರಿ ಈ ಮಹನೀಯರಿಗೆ ಗೊತ್ತಿದ್ದರೆ ಹಾಗೆ ಬರೆಯುತ್ತಿದ್ದರೇ? ನಾನು ಸಿಟ್ಟಿಗೆದ್ದು ಒಂದು ತಿಂಗಳು ಜಗಳವಾಡಿ ಪತ್ರಗಳನ್ನೆಲ್ಲ ಕನ್ನಡಕ್ಕೆ ತಂದೆ. ಅನುವಾದವಲ್ಲ, ಹೊಸದಾಗಿಯೇ ಬರೆದೆ. ‘ಪ್ರಿಯ ಗ್ರಾಹಕರೇ, ಬಿಸಿಲು ಏರುತ್ತಿದೆ. ನಿಮ್ಮ ನೆಮ್ಮದಿಯೇ ನಮ್ಮ ಕಾಳಜಿ’ ಎಂದು ಶುರುವಾಗುತ್ತಿದ್ದ ಒಂದು ಪತ್ರವನ್ನು ನಾನೇ ಎರಡೆರಡು ಸಲ ಓದಿಕೊಂಡಿದ್ದೇನೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಕೆಲವರು ಉತ್ತರ ಬರೆಯುತ್ತಿದ್ದರು. ಶಹಾಬಾದದ ಒಬ್ಬ ಡಾಕ್ಟರು, ಚಂದಾಪುರದ ಒಬ್ಬ ವಕೀಲರು, ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸಿನ ನಾಲ್ಕಾರು ಜನ. ವಕೀಲರಂತೂ ನಿಮ್ಮ ಭಾಷೆ ಚೆನ್ನಾಗಿದೆ ಎಂದು ಒಂದು ಸಾಲು ಸೇರಿಸಿದ್ದರು. ಅದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದ್ದೆ. ಉಳಿದವರಿಂದ ಏನೂ ಬರುತ್ತಿರಲಿಲ್ಲ. ಕೊಡ್ಲಿ ಇರಲಿ, ರಾವೂರ ಇರಲಿ, ಚಿತ್ತಾಪುರದ ಓಣಿಗಳಿರಲಿ, ಎಲ್ಲ ಕಡೆಯಿಂದ ಮೌನ. ನಮ್ಮ ಜನರಿಗೆ ಉತ್ತರ ಬರೆಯುವ ರೂಢಿಯೇ ಇಲ್ಲ ಎಂದು ನಾನು ಅವರ ಮೇಲೆಯೇ ಸಿಟ್ಟಾಗುತ್ತಿದ್ದೆ. ಇಷ್ಟು ಚಂದ ಬರೆದರೂ ಒಂದು ‘ಹೌದು’ ಅನ್ನಲಿಕ್ಕೆ ಇವರಿಗೇನು ಕಷ್ಟ ಎಂದು.

ಆಕೆ ಬಂದದ್ದು ಏಪ್ರಿಲ್ ಕೊನೆಯಲ್ಲಿ, ಬೆಳಗಿನ ಗಾಡಿಗೆ. ನಾನು ಬಂದ ಗಾಡಿಯೇ. ಡಬ್ಬಿಯಲ್ಲಿ ಎದುರು ಸೀಟಿನಲ್ಲೇ ಕೂತಿದ್ದಳಂತೆ, ನಾನು ಮೊಬೈಲಿನಲ್ಲಿ ಮುಳುಗಿದ್ದೆ. ನಲವತ್ತರ ಆಸುಪಾಸಿನ ಹೆಂಗಸು, ಊರು ರಾವೂರ. ಅಂಗಡಿಯೊಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮೇಜಿನ ಮುಂದೆ ನಿಂತಳು.

“ಅಕ್ಕೋರೆ, ನಮ್ಮ ಏಸಿ ಕೆಟ್ಟು ಹದಿನಾರು ದಿನ ಆಯ್ತರಿ. ನಿಮ್ಮ ಮಿಸ್ತ್ರಿ ಬಂದು ನೋಡಿ ಹೋದ್ರು. ಒಳಗಿನ ಬೋರ್ಡ್ ಸುಟ್ಟದ, ಕಂಪನಿಯವ್ರು ತಿಳಸ್ತಾರ, ಆಮ್ಯಾಲ ಬರ್ತೀನಿ ಅಂದ್ರು. ಯಾರೂ ಏನೂ ತಿಳಿಸಿಲ್ರಿ.”

ಹೆಸರು ಕೇಳಿ ಕಂಪ್ಯೂಟರಿನಲ್ಲಿ ತೆಗೆದೆ. ಮೂರು ಪತ್ರ ಹೋಗಿದ್ದವು. ಬೋರ್ಡು ವಾರಂಟಿಯಲ್ಲಿ ಬರುತ್ತದೆ, ತರಿಸಲು ಒಪ್ಪಿಗೆಯೇ ಎಂದು ಕೇಳಿದ್ದ ಪತ್ರಗಳು. ಉತ್ತರ ಇಲ್ಲ. ನಿಯಮದ ಪ್ರಕಾರ ಹಿಂದಿನ ದಿನವಷ್ಟೇ ದೂರು ಮುಚ್ಚಿತ್ತು. ಷರಾ: ಗ್ರಾಹಕರು ತೃಪ್ತರು.

ನನಗೆ ಸಿಟ್ಟು ನೆತ್ತಿಗೇರಿತು. ಕಂಪನಿಯ ಮೇಲಲ್ಲ, ಆಕೆಯ ಮೇಲೆ.

“ಹಂಗ್ಯಾಕ ಅಂತೀರಿ? ಮೂರು ಸಲ ಬರ್ದೀನಿ. ಮೂರೂ ಸಲ ನೀವು ಜವಾಬೇ ಕೊಟ್ಟಿಲ್ಲ. ನಾವು ಬರೀಬೇಕು, ನೀವು ನೋಡಂಗಿಲ್ಲ, ಆಮ್ಯಾಲ ಬಂದು ನಮಗೇ ಕೇಳ್ತೀರಿ!”

ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರು ತಿರುಗಿ ನೋಡಿದರು. ಆಕೆ ದನಿ ಏರಿಸಲಿಲ್ಲ.

“ಎಲ್ಲಿಗಿ ಬರ್ದಿರ್ರಿ?” ಎಂದಳು. ಕೈಚೀಲದಿಂದ ಒಂದು ಫೋನು ತೆಗೆದು ಮೇಜಿನ ಮೇಲಿಟ್ಟಳು. ಗುಂಡಿಗಳ ಮೇಲಿನ ಅಂಕಿ ಅಳಿಸಿಹೋದ ಹಳೆಯ ಫೋನು. “ನನ್ನ ಬಲ್ಲಿ ಇದೊಂದೇ ಅದರಿ. ನನಗ ಓದ್ಲಿಕ್ಕ ಬರ್ತದ. ಬಂದಿದ್ರ ಓದ್ತಿದ್ದೆ.”

ಎಲ್ಲಿಗೆ ಬರೆದೆ ಎಂದು ತೋರಿಸಿಯೇ ಬಿಡೋಣ ಎಂದು ಆಕೆಯ ಫಾರಂ ತೆರೆದೆ. ನಮ್ಮ ಪಟ್ಟಿಯಲ್ಲಿ ಗಿರಾಕಿಯ ಹೆಸರಷ್ಟೇ ಕಾಣುತ್ತದೆ, ಈಮೇಲ್ ವಿಳಾಸ ನೋಡಬೇಕಾದರೆ ಫಾರಂ ಒಳಗೆ ಹೋಗಬೇಕು. ಹೋದೆ. ಅಲ್ಲಿದ್ದ ವಿಳಾಸವನ್ನು ಎರಡು ಸಲ ಓದಿದೆ. ಅದು ಈ ಮೇಜಿನ ಮುಂದೆ ಕೂತು ನಾನೇ ತೆರೆದದ್ದು.

ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು. ಏಸಿ ಮಾರುವಾಗ ತುಂಬುವ ಫಾರಂನಲ್ಲಿ ಈಮೇಲ್ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುತ್ತಿರಲಿಲ್ಲ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಮಂದಿಗೆ ಈಮೇಲ್ ಇರಲಿಲ್ಲ. ಮಾಲೀಕರು ಚಹಾ ಕುಡಿಯುತ್ತಾ ಹೇಳಿದ್ದರು, “ತಂಗಿ, ನೀನೇ ಒಂದು ತೆಗದು ಬಿಡು. ಯಾರ ಬಲ್ಲಿ ಇಲ್ಲ, ಅವ್ರಿಗೆಲ್ಲಾ ಅದೇ ಹಾಕೂಣು. ಯಾರು ನೋಡ್ತಾರ?” ನಾನು ತೆರೆದುಕೊಟ್ಟೆ. ಕೌಂಟರಿನವರು ಅಂದಿನಿಂದ ಅದನ್ನೇ ತುಂಬುತ್ತಾ ಬಂದರು. ಆಗ ಎಲ್ಲ ದೂರಿಗೂ ಫೋನೇ ಮಾಡುತ್ತಿದ್ದೆವು, ಆ ವಿಳಾಸದ ಕೆಲಸವೇ ಬೀಳುತ್ತಿರಲಿಲ್ಲ, ನಾನು ಮರೆತೂಬಿಟ್ಟೆ. ಆಮೇಲೆ ಕಂಪನಿಯವರು ಇನ್ನು ಮುಂದೆ ಗ್ರಾಹಕರಿಗೆ ಫೋನು ಮಾಡಬೇಡಿ, ಎಲ್ಲ ಮೇಲ್‌ನಲ್ಲೇ ಇರಲಿ, ದಾಖಲೆ ಉಳಿಯುತ್ತದೆ ಎಂದರು. ಬರವಣಿಗೆ ಅಂದರೆ ನನಗೆ ಮೊದಲೇ ಹುಚ್ಚು. ಸಂತೋಷದಿಂದ ಒಪ್ಪಿಕೊಂಡೆ.

ಪಾಸ್‌ವರ್ಡ್ ನೆನಪಿತ್ತು. ಆ ಹೆಂಗಸಿನ ಎದುರಿಗೇ ತೆರೆದೆ. ಒಳಗೆ ನನ್ನ ಪತ್ರಗಳು. ಬೆರಳು ಸೋಲುವ ತನಕ ಸರಿಸಿದರೂ ಮುಗಿಯದಷ್ಟು. ಒಂದನ್ನೂ ಯಾರೂ ತೆರೆದಿರಲಿಲ್ಲ. ಕೊಡ್ಲಿಯ ಬಾಣಂತಿ ಮನೆಯ ಗೀಸರ್, ಚಿತ್ತಾಪುರದ ಔಷಧಿ ಅಂಗಡಿಯ ಏಸಿ, ಚಿಂಚೋಳಿಯ ಹಾಸ್ಟೆಲ್ಲು, ಎಲ್ಲರಿಗೂ ಬರೆದದ್ದು ಇಲ್ಲೇ ಬಂದು ಬಿದ್ದಿತ್ತು. ಪ್ರಿಯ ಗ್ರಾಹಕರೇ, ಪ್ರಿಯ ಗ್ರಾಹಕರೇ, ಪ್ರಿಯ ಗ್ರಾಹಕರೇ. ಅಷ್ಟು ದಿನ ನಾನು ನನಗೇ ಬರೆದುಕೊಂಡಿದ್ದೆ, ಉತ್ತರ ಬರಲಿಲ್ಲ ಎಂದು ಊರವರನ್ನೆಲ್ಲ ಬೈದಿದ್ದೆ.

“ಏನಾಯ್ತರಿ?” ಎಂದಳು ಆಕೆ.

ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡು ತನ್ನ ಫೋನನ್ನು ಕೈಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. “ಹಾಂಗಿದ್ರ ಈಗ ಬೋರ್ಡ್ ಯಾವಾಗ ಬರ್ತದರಿ?” ಎಂದಷ್ಟೇ ಕೇಳಿದಳು. “ನಮ್ಮ ಮನಿಯವ್ರಿಗಿ ಬೆವರು ಬರಂಗಿಲ್ಲರಿ.”

ಆಕೆಯ ಗಂಡ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದವನು. ಐದು ವರ್ಷದ ಹಿಂದೆ ಕತ್ತಿನ ಮೇಲೆ ಫರಸಿ ಕಲ್ಲು ಬಿದ್ದು, ಅಂದಿನಿಂದ ಕತ್ತಿನ ಕೆಳಗೆ ಮೈ ಅವನ ಮಾತು ಕೇಳುವುದಿಲ್ಲ. ಬೆವರೂ ಬರುವುದಿಲ್ಲ. ಹೊರಗಿನ ಕಾವು ಒಳಗೆ ಹೋದರೆ ಅಲ್ಲೇ ಉಳಿಯುತ್ತದೆ, ಜ್ವರ ಏರುತ್ತಾ ಹೋಗುತ್ತದೆ, ಕೋಣೆ ತಂಪಾಗಿಡದಿದ್ದರೆ ಜೀವಕ್ಕೇ ಅಪಾಯ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಏಸಿ. ಈ ಹದಿನಾರು ದಿನದಲ್ಲಿ ಎರಡು ಸಲ ಅವನನ್ನು ದವಾಖಾನೆಗೆ ಹೊತ್ತೊಯ್ದಿದ್ದರು. ಅವತ್ತು ನೆರೆಮನೆಯಾಕೆಯನ್ನು ಅವನ ಪಕ್ಕ ಕೂರಿಸಿ, ಹಸಿ ಬಟ್ಟೆ ಬದಲಿಸುತ್ತಿರು ಎಂದು ಹೇಳಿ ಬಂದಿದ್ದಳು. ಮೇ ತಿಂಗಳು ಇನ್ನೂ ಇಡೀ ಬಾಕಿ ಇತ್ತು.

ಕಂಪನಿಗೆ ಫೋನು ಹಚ್ಚಿದೆ. ಎತ್ತಿದವನು ಹಿಂದಿಯಲ್ಲಿ ಬಹಳ ನಯವಾಗಿ ಮಾತಾಡಿದ. ಮುಚ್ಚಿದ ದೂರನ್ನು ತೆರೆಯಲು ಬರುವುದಿಲ್ಲ. ಹೊಸ ದೂರು ಕೊಡಿ, ಸರದಿಯಲ್ಲಿ ಬೋರ್ಡು ಬರುತ್ತದೆ, ಮೂರು ವಾರ. ಮನೆಯಲ್ಲಿ ರೋಗಿ ಇದ್ದಾರೆ ಎಂದೆ. ಹಾಗಿದ್ದರೆ ಗ್ರಾಹಕರು ಅದನ್ನು ತಮ್ಮ ನೋಂದಾಯಿತ ಈಮೇಲ್‌ನಿಂದ ಬರೆದು ತಿಳಿಸಬೇಕು ಎಂದ. ಅವರಿಗೆ ಈಮೇಲ್ ಇಲ್ಲ ಎಂದೆ. ಇದೆಯಲ್ಲ, ನನ್ನ ಮುಂದೆಯೇ ಕಾಣುತ್ತಿದೆ ಎಂದ. ನಿಮ್ಮ ಸಹಕಾರಕ್ಕೆ ಧನ್ಯವಾದ ಎಂದು ಇಟ್ಟುಬಿಟ್ಟ. ನಾನು ಫೋನನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಮಾಲೀಕರು ತಮ್ಮ ಕ್ಯಾಬಿನ್ನಿನಿಂದ ಹೊರಗೆ ಬಂದರು.

ಅವರಿಗೆ ಎಲ್ಲ ಹೇಳಿದೆ. ಅವರು ನಕ್ಕರು. ನಿಜವಾಗಿ ನಕ್ಕರು! “ಅಷ್ಟಕ್ಕ್ಯಾಕ ಇಷ್ಟು ತಲಿ ಕೆಡಿಸ್ಕೋತಿ ತಂಗಿ? ಹೊಸಾ ತಕರಾರು ಹಾಕು. ಅದೇ ಮೇಲ್‌ನ್ಯಾಗ ನೀನೇ ‘ಹೌದು’ ಒತ್ತು. ಮುಗೀತಲ್ಲ.”

“ಮೂರು ವಾರದ ಮಾತು ಏನ್ರಿ?”

“ಅದು ಕಂಪನಿ ಕೈಯಾಗಿನ ಮಾತು. ನಾವೇನು ಮಾಡ್ಲಿಕ್ಕ ಬರ್ತದ?”

ಅವರ ಹಿಂದೆ ಕ್ಯಾಬಿನ್ನಿನ ಬಾಗಿಲು ತೆರೆದೇ ಇತ್ತು. ಒಳಗಿನ ತಂಪು ನನ್ನ ಕಾಲಿಗೆ ತಾಗುತ್ತಿತ್ತು. ಅಲ್ಲಿ ಗೋಡೆಯ ಮೇಲಿದ್ದದ್ದು ಅದೇ ಮಾದರಿಯ ಏಸಿ. ಆಗಷ್ಟೇ ಹೊರಗಿನಿಂದ ಬಂದು ನಿಂತಿದ್ದ ನಮ್ಮ ಮಿಸ್ತ್ರಿಯನ್ನು, ಕ್ಯಾಬಿನ್ನಿನ ಏಸಿಯ ಬೋರ್ಡು ರಾವೂರಿನದಕ್ಕೆ ಕೂಡುತ್ತದೆಯೇ ಎಂದು ಕೇಳಿದೆ. ಆತ ಒಮ್ಮೆ ಮಾಲೀಕರ ಮುಖ ನೋಡಿ, ಒಮ್ಮೆ ಆ ಹೆಂಗಸಿನ ಮುಖ ನೋಡಿ, “ಬರಾಬರ್ ಕೂಡ್ತದರಿ” ಎಂದ.

ಮಾಲೀಕರ ನಗು ನಿಂತಿತು. ಕಂಪನಿ ಒಪ್ಪುವುದಿಲ್ಲ, ಹಾಗೆ ಬಿಚ್ಚಿ ಕೊಡುವುದು ನಿಯಮದಲ್ಲಿಲ್ಲ ಎಂದು ಶುರುಮಾಡಿದರು. ನನಗೆ ಆಗ ಬಂದ ಸಿಟ್ಟು ಜೀವನದಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ಪ್ರಶಸ್ತಿಪತ್ರದ ಕಡೆ ಕೈ ಮಾಡಿ, ಈ ಕಂಪ್ಯೂಟರಿನಲ್ಲಿ ನನಗೆ ನಾನೇ ಬರೆದ ಪತ್ರಗಳೆಲ್ಲ ಇವೆ, ಒಂದೊಂದನ್ನೂ ಕಂಪನಿಯ ದೊಡ್ಡವರಿಗೆ ಇವತ್ತೇ ಕಳಿಸುತ್ತೇನೆ, ಈ ತೃಪ್ತಿ ಎಲ್ಲಿಂದ ಬಂತು ಅಂತ ಅವರೂ ಓದಲಿ ಎಂದೆ. ನೌಕರಿ ಹೋಯಿತು ಎಂದೇ ಲೆಕ್ಕ ಹಾಕಿದ್ದೆ. ಮಾಲೀಕರು ಗಿರಾಕಿಗಳ ಕಡೆ ಒಮ್ಮೆ ನೋಡಿ, ಹಣೆ ಒರೆಸಿಕೊಂಡು, “ಬಿಚ್ಚಪಾ, ಬಿಚ್ಚು” ಎಂದು ಮಿಸ್ತ್ರಿಗೆ ಹೇಳಿದರು.

ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಿಸ್ತ್ರಿ ಬೈಕಿನಲ್ಲಿ ಮುಂದೆ ಹೋದ. ನಾನು ಅರ್ಧ ದಿನ ರಜೆ ಹಾಕಿ ಆಕೆಯ ಜೊತೆ ಗಾಡಿ ಹತ್ತಿದೆ. ಏಸಿ ತಂದ ಹೊಸದರಲ್ಲಿ ಓಣಿಯವರು, ರೊಟ್ಟಿ ಬಡಿದು ಮಾರುವವಳಿಗೆ ಏಸಿ ಬೇಕಾಗ್ಯಾದ ನೋಡು ಎಂದು ಆಡಿಕೊಂಡದ್ದನ್ನು ದಾರಿಯಲ್ಲಿ ಆಕೆಯೇ ಹೇಳಿದಳು. ಒಳಗೆ ಕಾವು ಏರಬಾರದೆಂದು ರೊಟ್ಟಿಯ ಒಲೆಯನ್ನು ಹೊರಗೆ ಬಿಸಿಲಿಗೇ ಹಾಕಿಕೊಂಡಿದ್ದಾಳೆ. ವಾಡಿಯ ಖಾನಾವಳಿಗೆ ಆಕೆಯ ರೊಟ್ಟಿಯೇ ಹೋಗುತ್ತದೆ. ನಾನು ಎಷ್ಟೋ ಸಲ ಉಂಡ ಖಾನಾವಳಿ ಅದು.

ಮನೆ ಮುಟ್ಟಿದಾಗ ಮಿಸ್ತ್ರಿ ಕೆಲಸ ಶುರುಮಾಡಿದ್ದ. ಕಲ್ಲಿನ ಗೋಡೆ, ಕಲ್ಲಿನ ಮಾಳಿಗೆ, ಮೇಲೆ ಒದ್ದೆ ಗೋಣಿಚೀಲ ಹಾಸಿದ್ದರು. ಆದರೂ ಒಳಗೆ ಕಾಲಿಟ್ಟರೆ ಮುಖಕ್ಕೆ ಕಾವು ಬಡಿಯಿತು. ಗಂಡ ಮಂಚದ ಮೇಲಿದ್ದ. ಎದೆಯ ಮೇಲೆ ಒದ್ದೆ ಪಂಚೆ. ಮುಖ ಕೆಂಪಾಗಿ, ಒಣಗಿ, ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ನಾವೆಲ್ಲ ತೊಯ್ದು ತೊಪ್ಪೆಯಾಗಿದ್ದೆವು.

“ಬರ್ರಿ ಅಕ್ಕೋರೆ, ಕುಂದರ್ರಿ. ಏಳ್ಲಿಕ್ಕ ಆಗಂಗಿಲ್ಲ, ಮಾಫ್ ಮಾಡ್ರಿ” ಎಂದ. ಹೆಂಡತಿ ನಡೆದದ್ದನ್ನೆಲ್ಲ ಹೇಳಿದಳು. ಕೇಳಿ ಅವನು ನನ್ನ ಕಡೆ ಕಣ್ಣು ತಿರುಗಿಸಿದ. “ಮೂರು ಪತ್ರ ಬರ್ದೀರಂತ. ಏನೇನು ಬರ್ದಿದ್ರಿ? ಓದ್ರಿ, ಕೇಳೂಣು.”

ಮೊಬೈಲು ತೆಗೆದು ಓದಿದೆ. ಪ್ರಿಯ ಗ್ರಾಹಕರೇ, ಬಿಸಿಲು ಏರುತ್ತಿದೆ. ನಿಮ್ಮ ನೆಮ್ಮದಿಯೇ ನಮ್ಮ ಕಾಳಜಿ. ಬೋರ್ಡು ತರಿಸಲು ನಿಮ್ಮ ಒಪ್ಪಿಗೆ ಇದೆಯೇ? ಓದುವಾಗ ಒಂದೊಂದು ಶಬ್ದಕ್ಕೂ ನಾಲಿಗೆ ಎಡವಿತು. ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿದ. “ಭಾಳ ಚಂದ ಬರ್ದೀರಿ” ಎಂದ. ಅಣಕವಿರಲಿಲ್ಲ ಅದರಲ್ಲಿ. ಅಣಕವಿದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಹೊರಗೆ ಬಂದು ಒಲೆಯ ಹತ್ತಿರ ನಿಂತು ಅತ್ತೆ.

ಸಂಜೆಯ ಹೊತ್ತಿಗೆ ಏಸಿ ಓಡಿತು. ಆಕೆ ಗಂಡನ ಎದೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಕ್ಯಾಬಿನ್ನಿನಿಂದ ಬಿಚ್ಚಿದ ಬೋರ್ಡಿಗೆ ಬದಲಿ ತರಿಸಲು ಆಕೆಯ ಹೆಸರಿನಲ್ಲಿ ಹೊಸ ದೂರು ಹಾಕಬೇಕಾಗಿತ್ತಲ್ಲ, ಅದಕ್ಕೆ ಈಮೇಲ್ ಬೇಕು. ಅಂಗಡಿಯದನ್ನು ಹಾಕುವ ಮಾತೇ ಇರಲಿಲ್ಲ. ನನ್ನ ಮೊಬೈಲಿನಲ್ಲಿ ಆಕೆಯ ಹೆಸರಿಗೇ ಒಂದು ತೆರೆದೆ. ಆಕೆಯ ಹಳೆಯ ಫೋನಿಗೆ ಓಟಿಪಿ ನಂಬರು ಬಂತು, ಓದಿ ಹೇಳಿದಳು. ಪಾಸ್‌ವರ್ಡ್ ಏನಿಡಲಿ ಎಂದಾಗ ಮೊಬೈಲು ನನ್ನ ಕೈಯಿಂದ ತೆಗೆದುಕೊಂಡಳು. “ನೀವು ಅತ್ತಾಗ ನೋಡ್ರಿ” ಎಂದಳು. ನೋಡಿದೆ. ಗಂಡ ಮಂಚದ ಮೇಲಿನಿಂದ ನಕ್ಕ.

ಹತ್ತು ಹನ್ನೆರಡು ದಿನ ಬಿಟ್ಟು, ಏಸಿ ಓಡುತ್ತಿದೆ ಎಂದು ಮಿಸ್ತ್ರಿ ಕೊಟ್ಟ ವರದಿಯ ಮೇಲೆ, ಕಂಪನಿಯ ಮಾಮೂಲಿ ಮೇಲ್ ಹೋಯಿತು. ನಿಮ್ಮ ಸಮಸ್ಯೆ ಬಗೆಹರಿಯಿತೇ? ಹೌದು, ಇಲ್ಲ. ಭಾನುವಾರ ರಾವೂರಿಗೆ ಹೋಗಿ ನನ್ನ ಮೊಬೈಲನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಅತ್ತಾಗ ನೋಡ್ರಿ ಎಂದು ಹೇಳಿ, ಪಾಸ್‌ವರ್ಡ್ ಒತ್ತಿ, ಪತ್ರವನ್ನು ಒಂದೊಂದೇ ಸಾಲು ಓದಿದಳು. ಓದಿ ‘ಇಲ್ಲ’ ಒತ್ತಿದಳು.

“ಅಯ್ಯ, ತಪ್ಪಿ ಒತ್ತಿದ್ರಿ” ಎಂದೆ. “ಏಸಿ ಓಡ್ಲಿಕತ್ತದಲ್ಲ?”

“ಮಿಶೀನ್ ಚಾಲೂ ಅದರಿ. ಅದು ನಿಮ್ಮ ಮಿಸ್ತ್ರಿ ಮಾಡಿದ್ದು. ಇವ್ರು ಕೇಳ್ಲಿಕತ್ತಿದ್ದು ನನ್ನ ತಕರಾರು ಮುಗೀತೇನು ಅಂತ. ಮುಗಿದಿಲ್ಲರಿ.”

ಪರದೆಯ ಮೇಲೆ ಕಾರಣ ಬರೆಯಲು ಒಂದು ಖಾಲಿ ಜಾಗ ಬಂದಿತ್ತು. ಆಕೆಯ ಕೈಯ ರೊಟ್ಟಿಯ ಹಿಟ್ಟು ಆಗಲೇ ಗಾಜಿಗೆಲ್ಲ ಹತ್ತಿತ್ತು. ಮೊಬೈಲು ನನ್ನ ಕಡೆ ಚಾಚಿದಳು.

“ನೀವೇ ಬರೀರಿ ಅಕ್ಕೋರೆ. ಹದಿನಾರು ದಿನ ನಮಗ ಯಾರೂ ಏನೂ ಬರ್ದಿಲ್ಲ ಅಂತ ಬರೀರಿ.”

ಬರೆದೆ. ಆಕೆ ಓದಿ ನೋಡಿ, ಸರಿ ಅದ ಎಂದ ಮೇಲೆ ಕಳಿಸಿದೆ.

ಸೋಮವಾರ ಅಂಗಡಿಗೆ ಹೋದಾಗ ಮೊದಲ ಕೆಲಸವಾಗಿ ಆಕೆಯ ಆ ‘ಇಲ್ಲ’ವೇ ನನ್ನ ಮುಂದೆ ಬಂದು ಕೂತಿತ್ತು. ಉತ್ತರ ಬರೆಯಬೇಕಾದವಳು ನಾನೇ. ಕ್ಯಾಬಿನ್ನಿನ ಏಸಿಗೆ ಇನ್ನೂ ಬೋರ್ಡು ಬಂದಿರಲಿಲ್ಲ, ಮಾಲೀಕರು ಬಾಗಿಲು ತೆರೆದಿಟ್ಟುಕೊಂಡು ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಾ, “ಹೌದು ಅಂತ ಒತ್ತಿಸಿ ಬಂದಿದ್ರ ಆಗ್ತಿತ್ತು” ಎಂದು ಗೊಣಗುತ್ತಿದ್ದರು. ಪಾಸ್‌ವರ್ಡ್ ನನ್ನ ಬಳಿ ಇಲ್ಲ ಎಂದೆ. ಕಂಪ್ಯೂಟರ್ ತನ್ನಷ್ಟಕ್ಕೆ ‘ಪ್ರಿಯ ಗ್ರಾಹಕರೇ’ ಎಂದು ಮೊದಲ ಸಾಲು ಹಾಕಿಕೊಂಡು ಕಾಯುತ್ತಿತ್ತು. ಅದನ್ನು ಅಳಿಸಿದೆ. ‘ಅಕ್ಕಾ’ ಎಂದು ಬರೆದೆ. ನಿಮಗೆ ಬರೆಯುತ್ತೇನೆ ಎಂದು ತಿಳಿದು ನಾನು ನನಗೇ ಬರೆದುಕೊಂಡೆ, ಮೇಲೆ ನಿಮ್ಮನ್ನೇ ಎಲ್ಲರೆದುರು ಬೈದೆ, ತಪ್ಪು ನನ್ನದು ಎಂದು ಬರೆದೆ. ಚಂದ ಮಾಡಲು ಹೋಗಲಿಲ್ಲ.

ಕಳಿಸಿದ ಮೇಲೆ, ಆಕೆಯ ಫೋನಿನಲ್ಲಿ ಅದು ಕಾಣುವುದಿಲ್ಲವಲ್ಲ ಎಂದು, ಅಂಗಡಿಯ ಫೋನು ಎತ್ತಿ ಆಕೆಯ ನಂಬರು ಒತ್ತಿದೆ. ಆಕೆ ಎತ್ತಿದಳು, ರೊಟ್ಟಿ ಬಡಿಯುವ ಸದ್ದು ಕೇಳಿಸಿ ನಿಂತಿತು. “ಯಾರ್ರಿ?” ಎಂದಳು. ನಾನು ಪತ್ರವನ್ನು ಮೊದಲ ಶಬ್ದದಿಂದ ಓದಲು ಶುರುಮಾಡಿದೆ.